ಐದನೆಯ ಗುಬ್ಬಿಗೆ ಏನು ಬೆಲೆ?

ಓದುಗರೊಬ್ಬರ ಪ್ರಶ್ನೆ:

"ಫಾದರ್, ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಗೇರುಗುಡ್ಡೆಯ ಬುಡದಲ್ಲಿ ನಮ್ಮ ಮನೆ. ಬೀಡಿ ಕಟ್ಟಿ ಜೀವನ. ಮಗಳಿಗೆ ಈಗ 29 ವರ್ಷ. ಹುಟ್ಟಿದಂದಿನಿಂದ ನಡೆದಿಲ್ಲ, ಮಾತಾಡಿಲ್ಲ. ಗಂಜಿ ಕುಡಿಸುವುದರಿಂದ ಬಟ್ಟೆ ಬದಲಿಸುವವರೆಗೆ ಎಲ್ಲವೂ ನನ್ನ ಕೈಯಲ್ಲೇ ಆಗಬೇಕು. ಅಪಸ್ಮಾರಕ್ಕೆ ಎರಡು ಹೊತ್ತು ಮಾತ್ರೆ. ಸರಕಾರದ ಎಂಡೋಸಲ್ಫಾನ್ ಪಟ್ಟಿಯಲ್ಲಿ ಅವಳ ಹೆಸರಿದೆ, ಐದು ಲಕ್ಷ ಬಂದಿದೆ. 'ಇನ್ನೇನು, ಅವಳ ಲೆಕ್ಕ ಚುಕ್ತಾ ಆಯಿತಲ್ಲ' ಎಂದರು ನೆಂಟರೊಬ್ಬರು. ಧ್ಯಾನಕೂಟವೊಂದರಲ್ಲಿ ಪ್ರಸಂಗ ಮಾಡಿದವರು ಇದು ವಂಶಶಾಪ, ಹಿರಿಯರು ಮಾಡಿದ ಪಾಪ ಎಂದರು. ನನ್ನ ವಿಶ್ವಾಸ ಸಾಲದ್ದಕ್ಕೆ ಗುಣವಾಗಿಲ್ಲವಂತೆ. ಅವಳಿಗೆ ಹತ್ತು ವರ್ಷವಾದಾಗ ಪ್ರಥಮ ಪರಮಪ್ರಸಾದ ಕೇಳಿದ್ದೆ, 'ಅವಳಿಗೆ ಅರ್ಥವಾಗುವುದಿಲ್ಲವಲ್ಲ' ಎಂದು ಆಗಿನ ಗುರುಗಳು ಕೊಡಲಿಲ್ಲ. ಗಂಡ ತೀರಿಕೊಂಡು ಆರು ವರ್ಷ. ನನಗಿಂತ ಒಂದು ದಿನ ಮೊದಲು ಅವಳು ಹೋಗಲಿ ಎಂದು ದಿನಾ ರಾತ್ರಿ ಪ್ರಾರ್ಥಿಸುತ್ತೇನೆ. ಇದು ಪಾಪವಾ? ಅವಳ ಜೀವಕ್ಕೆ ದೇವರೆದುರು ಬೆಲೆ ಇದೆಯಾ? ನನ್ನದಕ್ಕೆ?"

ಉತ್ತರ:

ಬಾಯಿ, ನಮ್ಮ ಇಗರ್ಜಿ ಅಂಗಳದಲ್ಲಿ ನಿಮ್ಮ ಪ್ರಾಯದ ಹೆಂಗಸರನ್ನು ಹೀಗೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹಲವು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇದ್ದವನು ನಾನು, ಆಮೇಲೆ ವಾಸಿಯಾಗದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ನರ್ಸ್‌ಗಳ ಹಿಂದೆ ಮನೆಮನೆ ತಿರುಗಿದ್ದೇನೆ. ನೀವು ಬರೆದಂಥ ಪ್ರಾರ್ಥನೆಯನ್ನು ಎಷ್ಟೋ ಅಡುಗೆಮನೆಗಳಲ್ಲಿ ಕೇಳಿದ್ದೇನೆ. ಹೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಅದು ಪಾಪವಲ್ಲ. ಮಗಳು ಸಾಯಲಿ ಎಂಬ ಆಸೆ ಅದರಲ್ಲಿಲ್ಲ. ನಾನಿಲ್ಲದ ಒಂದು ದಿನವನ್ನೂ ಅವಳು ಯಾರದೋ ಕೈಯಲ್ಲಿ ಕಳೆಯಬಾರದು ಎಂಬ ಹೆದರಿಕೆ ಇದೆ. ಬೈಬಲಿನಲ್ಲಿ ನಿಮಗಿಂತ ಒರಟಾಗಿ ಪ್ರಾರ್ಥಿಸಿದವರಿದ್ದಾರೆ. ಜನರ ಭಾರ ಹೊರಲಾರದೆ ಮೋಶೆ, ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಎಂದು ದೇವರಿಗೇ ಹೇಳಿದ. ಎಲೀಯ ಅಡವಿಯಲ್ಲಿ ಒಂದು ಗಿಡದ ಬುಡದಲ್ಲಿ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದ. ಅವನಿಗೆ ಉಪದೇಶ ಸಿಗಲಿಲ್ಲ. ಮಲಗಲು ಬಿಟ್ಟರು, ಎಬ್ಬಿಸಿ ರೊಟ್ಟಿ ನೀರು ಕೊಟ್ಟರು, ಮತ್ತೆ ಮಲಗಿಸಿದರು. ದಣಿದವನಿಗೆ ಮೊದಲು ನಿದ್ದೆ ಮತ್ತು ಊಟ ಬೇಕೆಂದು ದೇವದೂತನಿಗೆ ಗೊತ್ತಿತ್ತು.

ಒಂದನ್ನು ಮಾತ್ರ ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ಆ ಪ್ರಾರ್ಥನೆ ಯಾವತ್ತಾದರೂ 'ಇಬ್ಬರೂ ಒಟ್ಟಿಗೆ ಹೋಗಿಬಿಡೋಣ' ಎಂಬ ಯೋಚನೆಗೆ ತಿರುಗಿದ್ದುಂಟೇ? ತಿರುಗಿದ್ದರೆ ಈ ಕಾಗದ ಬದಿಗಿಟ್ಟು ಇವತ್ತೇ ಯಾರಿಗಾದರೂ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲೂ ಮಾತಾಡುತ್ತಾರೆ, ದುಡ್ಡು ಬೇಡ. ಇಲ್ಲವಾದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. ವರ್ಷಗಟ್ಟಲೆ ನಿದ್ದೆಗೆಟ್ಟು ಆರೈಕೆ ಮಾಡುವವರಿಗೆ ಖಿನ್ನತೆ ಬರುವುದು ಮೈ ಸವೆಯುವಷ್ಟೇ ಸಹಜ. ಅದಕ್ಕೆ ಮದ್ದಿದೆ. ಮದ್ದು ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾಯಿತೆಂದು ಅರ್ಥವಲ್ಲ.

ಇನ್ನು ಶಾಪದ ಮಾತು. ಆ ಪ್ರಸಂಗದವರು ವಿಮೋಚನಕಾಂಡದ ಒಂದು ವಾಕ್ಯ ಹಿಡಿದಿರಬೇಕು. ತಂದೆಯರ ದೋಷಕ್ಕಾಗಿ ಮೂರು ನಾಲ್ಕು ತಲೆಮಾರನ್ನು ವಿಚಾರಿಸುವ ದೇವರು ಎಂಬುದು ಅಲ್ಲಿದೆ ನಿಜ. ಆದರೆ ಅದರ ಬೆನ್ನಿಗೇ ಸಾವಿರ ತಲೆಮಾರಿಗೆ ದಯೆ ಎಂದೂ ಇದೆ. ಇಸ್ರಾಯೇಲಿನ ಜನ ಆ ವಾಕ್ಯವನ್ನು ಗಾದೆ ಮಾಡಿಕೊಂಡು ಒಬ್ಬರ ಮೇಲೊಬ್ಬರು ಹಾಕತೊಡಗಿದಾಗ ಪ್ರವಾದಿ ಯೆಹೆಜ್ಕೇಲನು ತನ್ನ ಗ್ರಂಥದ 18ನೇ ಅಧ್ಯಾಯವಿಡೀ ಅದನ್ನು ನಿಲ್ಲಿಸಲಿಕ್ಕೇ ಬಳಸಿದ. ಮಗನು ತಂದೆಯ ದೋಷ ಹೊರುವುದಿಲ್ಲ ಎಂದು ಅಲ್ಲಿ ಖಡಾಖಂಡಿತವಾಗಿದೆ. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಯೇಸುವನ್ನು ಕೇಳಿದ್ದೂ ನಿಮ್ಮನ್ನು ಕೇಳಿದ ಪ್ರಶ್ನೆಯನ್ನೇ: ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ? ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದರು ಯೇಸು. ಯೋವಾನ್ನನ ಸುವಾರ್ತೆ, 9ನೇ ಅಧ್ಯಾಯ. ಇನ್ನು ಯಾರಾದರೂ ಕೇಳಿದರೆ ಪುಟ ತೆರೆದು ತೋರಿಸಿ. ವಂಶಶಾಪ ಬಿಡಿಸುವ ಪ್ರಾರ್ಥನೆಗಳ ಬಗ್ಗೆ 2024ರಲ್ಲಿ ಸ್ಪೇನಿನ ಬಿಷಪರೂ ಸ್ಪಷ್ಟವಾಗಿಯೇ ಎಚ್ಚರಿಸಿದ್ದಾರೆ. ಪಾಪ ಆಸ್ತಿಯಂತೆ ವಾರಸುದಾರಿಕೆಯಲ್ಲಿ ಬರುವುದಿಲ್ಲ ಎಂಬುದೇ ಅದರ ತಿರುಳು.

ಕಾರಣ ಹುಡುಕುವುದೇ ಆದರೆ ಮೇಲಿನ ಗುಡ್ಡೆಯನ್ನು ನೋಡೋಣ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ನರಗಳನ್ನು ಶಾಂತವಾಗಿಡುವ ಸಂಕೇತವನ್ನೇ ತಡೆಯುವ ವಿಷ ಅದು. ಗುಡ್ಡೆಯ ಹೊಟ್ಟೆಯೊಳಗೆ ಸುರಂಗ ಕೊರೆದು ಅದರ ನೀರನ್ನೇ ಕುಡಿಯುವ ಊರು ನಮ್ಮದು. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಇರುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಒಬ್ಬೊಬ್ಬರ ಮೈಯಲ್ಲಿ ಯಾವುದು ಎಷ್ಟರಮಟ್ಟಿಗೆ ಕಾರಣ ಎಂದು ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಮನುಷ್ಯರು ಗಾಳಿಗೂ ನೀರಿಗೂ ಸುರಿದದ್ದನ್ನು ದೇವರ ತಲೆಗೆ, ಅಲ್ಲಿಂದ ಒಬ್ಬ ಬೀಡಿ ಕಟ್ಟುವ ಹೆಂಗಸಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದು ನಿಮಗೂ ಅನ್ಯಾಯ, ದೇವರಿಗೂ ಅನ್ಯಾಯ.

ಈಗ ಬೆಲೆಯ ಪ್ರಶ್ನೆಗೆ ಬರುತ್ತೇನೆ. ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಅದು ನಿಮ್ಮ ಮಗಳ ಬೆಲೆಯಲ್ಲ, ಆದ ಅನ್ಯಾಯಕ್ಕೆ ತೆರಬೇಕಾದ ಸಾಲದ ಒಂದು ಪಾಲು. ಸಾಲ ತೀರಿಸಿದವನು ಸಾಲ ಕೊಟ್ಟವನನ್ನು ಕೊಂಡುಕೊಂಡಂತಾಗುವುದಿಲ್ಲ. ನೆಂಟರಿಗೆ ಇಷ್ಟು ಹೇಳಿದರೆ ಸಾಕು. ಹೇಳದೆ ಸುಮ್ಮನಿದ್ದರೂ ಸರಿಯೇ, ಎಲ್ಲರಿಗೂ ಉತ್ತರ ಕೊಡುತ್ತಾ ಕೂರುವ ಶಕ್ತಿ ನಿಮಗಿರಬೇಕೆಂದಿಲ್ಲ.

ಸಾವಿರ ಬೀಡಿಗೆ ಇಂತಿಷ್ಟು ಎಂಬ ಲೆಕ್ಕದಲ್ಲಿ ಬದುಕಿದವರು ನೀವು. ಸುವಾರ್ತೆಯಲ್ಲೂ ಪೇಟೆಯ ಒಂದು ಲೆಕ್ಕವಿದೆ. ಮತ್ತಾಯನ ಪ್ರಕಾರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಪ್ರಕಾರ ಎರಡು ಕಾಸಿಗೆ ಐದು. ಎರಡು ಕಾಸಿಗೆ ನಾಲ್ಕು ಬರಬೇಕಲ್ಲ, ಐದನೆಯದು ಎಲ್ಲಿಂದ ಬಂತು? ವ್ಯಾಪಾರಿ ಮೇಲಿಂದ ಕೊಸರು ಹಾಕಿದ್ದು. ಅದಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎಂದು ಯೇಸು ಹೇಳುವಾಗ ಆ ಕೊಸರಿನ ಗುಬ್ಬಿಯೂ ಲೆಕ್ಕಕ್ಕೆ ಸೇರಿತು. ಅಲ್ಲಿ ಗುಬ್ಬಿ ಏನು ಮಾಡಬಲ್ಲದು ಎಂದು ಹೇಳಿಲ್ಲ, ಮರೆತಿಲ್ಲ ಎಂದಷ್ಟೇ ಹೇಳಿದೆ. ನಮ್ಮ ನಂಬಿಕೆಯಲ್ಲಿ ಮನುಷ್ಯನ ಮೌಲ್ಯ ನಿಂತಿರುವುದು ಈ ಮರೆಯದಿರುವುದರ ಮೇಲೆ. ನಾವು ಏನು ಗಳಿಸುತ್ತೇವೆ, ಏನು ಅರ್ಥಮಾಡಿಕೊಳ್ಳುತ್ತೇವೆ ಎಂಬುದರ ಮೇಲಲ್ಲ.

ಹಾಗಾದರೆ 'ಅವಳಿಗೆ ಅರ್ಥವಾಗುವುದಿಲ್ಲವಲ್ಲ' ಎಂಬ ಮಾತು ಇಗರ್ಜಿಯೊಳಗೇ ಹೇಗೆ ಹುಟ್ಟಿತು? ಅದಕ್ಕೊಂದು ಹಳೆಯ ಬೇರಿದೆ. ದೇವರು ಮನುಷ್ಯರನ್ನು ತನ್ನ ಪ್ರತಿರೂಪದಲ್ಲಿ ಉಂಟುಮಾಡಿದ ಎಂಬ ಮಾತು ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ. ಆ ಕಾಲದ ಈಜಿಪ್ಟಿನಲ್ಲೂ ಮೆಸೊಪೊಟೇಮಿಯದಲ್ಲೂ ದೇವರ ಪ್ರತಿರೂಪ ಎನ್ನುತ್ತಿದ್ದದ್ದು ರಾಜನನ್ನು. ಆ ಪದವಿಯನ್ನು ಸಿಂಹಾಸನದಿಂದ ಇಳಿಸಿ ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಹಂಚಿದ್ದು ಆದಿಕಾಂಡ. ಇದಕ್ಕಿಂತ ದೊಡ್ಡ ಮಾತನ್ನು ಮನುಷ್ಯನ ಬಗ್ಗೆ ಯಾರು ಹೇಳಿಯಾರು? ಆದರೆ ಮುಂದೆ ಬಂದ ಪಂಡಿತರು ಆ ಪ್ರತಿರೂಪ ನಮ್ಮೊಳಗೆ ಎಲ್ಲಿದೆ ಎಂದು ಹುಡುಕಿದರು. ಅಗಸ್ಟೀನರು ನೆನಪು, ಅರಿವು, ಇಚ್ಛೆ ಎಂದರು. ಥಾಮಸ್ ಅಕ್ವಿನಾಸರು ಬುದ್ಧಿ ಎಂದರು. ಇಬ್ಬರೂ ದೊಡ್ಡವರೇ, ಯಾರನ್ನೂ ಹೊರಗಿಡಬೇಕೆಂದು ಹಾಗೆ ಬರೆದವರಲ್ಲ. ಆದರೂ ಬುದ್ಧಿಯಲ್ಲೇ ದೇವರ ಗುರುತು ಇದೆ ಎಂದಮೇಲೆ ಬುದ್ಧಿ ಬೆಳೆಯದ ಮಗುವಿನ ತಾಯಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಬೇಕಾಯಿತು.

ಆದಿಕಾಂಡದಲ್ಲಿ ಬುದ್ಧಿ ಎಂಬ ಪದವಿಲ್ಲ, ಬಾಯಿ. ಅಲ್ಲಿರುವುದು ದೇವರ ನಿರ್ಧಾರ ಮಾತ್ರ. ಉಂಟುಮಾಡೋಣ ಎಂದರು, ಉಂಟುಮಾಡಿದರು. ಪ್ರತಿರೂಪ ಎನ್ನುವುದು ನಮ್ಮ ಸಾಮರ್ಥ್ಯವಲ್ಲ, ಅವರು ನಮ್ಮೊಡನೆ ಇಟ್ಟುಕೊಂಡ ಸಂಬಂಧ. ನಿಮ್ಮ ಮಗಳು ನಿಮ್ಮನ್ನು ಅಮ್ಮಾ ಎಂದು ಒಮ್ಮೆಯೂ ಕರೆದಿಲ್ಲ. ಅದರಿಂದ ಅವಳು ನಿಮ್ಮ ಮಗಳಾಗುವುದು ಒಂದಿಷ್ಟಾದರೂ ಕಡಿಮೆಯಾಯಿತೇ? 1980ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಜರ್ಮನಿಯ ಓಸ್ನಾಬ್ರೂಕ್‌ನಲ್ಲಿ ಮನುಷ್ಯನಿಗೆ ಅನಂತ ಘನತೆ ಇದೆ ಎಂದು ಹೇಳಿದರು. ಆಗ ಅವರೆದುರು ಇದ್ದವರು ಅಂಗವಿಕಲರು. 2024ರಲ್ಲಿ ಮಾನವ ಘನತೆಯ ಬಗ್ಗೆ ವ್ಯಾಟಿಕನ್ ಹೊರಡಿಸಿದ ಘೋಷಣೆಗೆ ಹೆಸರು ಸಿಕ್ಕಿದ್ದು ಆ ಮಾತಿನಿಂದಲೇ. ಇಡೀ ಧರ್ಮಸಭೆ ಇಂದು ಘನತೆಯ ಬಗ್ಗೆ ಹೇಳುತ್ತಿರುವುದು ನಿಮ್ಮ ಮಗಳಂಥವರಿಗೆ ಮೊದಲು ಹೇಳಿದ ಮಾತನ್ನು. ನಾನು ಇದನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗುವುದಿಲ್ಲ.

ಬೈಬಲಿನಲ್ಲಿ ಎಲ್ಲವೂ ಸಲೀಸಾಗಿದೆ ಎಂದು ಹೇಳಿ ನಿಮ್ಮನ್ನು ಕಳುಹಿಸಲಾರೆ. ಯಾಜಕಕಾಂಡದ 21ನೇ ಅಧ್ಯಾಯದಲ್ಲಿ ಮೈಯಲ್ಲಿ ಊನವಿದ್ದ ಯಾಜಕನು ಬಲಿ ಅರ್ಪಿಸಬಾರದು ಎಂದಿದೆ. ನಿಮಗೆ ಯಾರಾದರೂ ಅದನ್ನು ಓದಿ ಹೇಳಿದರೆ, ಅವನು ಪವಿತ್ರ ರೊಟ್ಟಿಯನ್ನು ತಿನ್ನಬಹುದು ಎಂಬ ಮುಂದಿನ ಸಾಲನ್ನೂ ಓದಲು ಹೇಳಿ. ಎರಡನೇ ಸಮುವೇಲದಲ್ಲಿ ಮೆಫೀಬೋಶೆತನ ಕಥೆ ಬರುತ್ತದೆ. ಐದು ವರ್ಷದವನಿದ್ದಾಗ ದಾದಿ ಅವನನ್ನು ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಹೋದವನು. ದಾವೀದ ಕರೆಸಿದಾಗ, ಸತ್ತ ನಾಯಿಯಂಥ ನನ್ನನ್ನು ಯಾಕೆ ನೋಡುತ್ತೀರಿ ಎಂದ. ದಾವೀದ ಅವನೊಡನೆ ವಾದಕ್ಕೆ ಇಳಿಯಲಿಲ್ಲ. ಇವನು ಯಾವಾಗಲೂ ನನ್ನ ಪಂಕ್ತಿಯಲ್ಲೇ ಊಟ ಮಾಡಲಿ ಎಂದ, ಅಷ್ಟೇ. ಅವನ ಕಾಲು ಕೊನೆಯವರೆಗೂ ವಾಸಿಯಾಗಲಿಲ್ಲ. ಪಂಕ್ತಿಯಲ್ಲಿ ಅವನ ಜಾಗವೂ ತಪ್ಪಲಿಲ್ಲ.

ಪಂಕ್ತಿಯ ಮಾತು ಬಂದದ್ದರಿಂದ ಪರಮಪ್ರಸಾದದ, ಅಂದರೆ ಬಲಿಪೂಜೆಯಲ್ಲಿ ಹಂಚುವ ಅಪ್ಪದ ವಿಷಯ ಹೇಳುತ್ತೇನೆ. ಕಾಗದದಲ್ಲಿ ನಿಮ್ಮ ಕೈ ನಡುಗಿದ್ದು ಆ ಸಾಲಿನಲ್ಲಿ. ಮಕ್ಕಳಿಗೆ ಪರಮಪ್ರಸಾದ ಕೊಡುವ ಮೊದಲು ಸಾಕಷ್ಟು ತಿಳುವಳಿಕೆ ಇರಬೇಕು ಎಂದು ಧರ್ಮಸಭೆಯ ಕಾನೂನಿನಲ್ಲಿದೆ. ಆಗಿನ ಗುರುಗಳು ಅದನ್ನೇ ಬಿಗಿಯಾಗಿ ಹಿಡಿದರೆಂದು ಕಾಣುತ್ತದೆ. ಆದರೆ 2007ರಲ್ಲಿ 16ನೇ ಬೆನೆಡಿಕ್ಟ್ ಪೋಪರು ಪರಮಪ್ರಸಾದದ ಬಗ್ಗೆ ಬರೆದ ಪತ್ರದ 58ನೇ ಅಂಶದಲ್ಲಿ ಹೀಗೆ ತಿಳಿಸಿದ್ದಾರೆ: ಬುದ್ಧಿ ಬೆಳವಣಿಗೆ ಕುಂಠಿತವಾದವರಿಗೆ ಜ್ಞಾನಸ್ನಾನ, ದೃಢೀಕರಣ ಎಂಬ ಸಂಸ್ಕಾರಗಳು ಆಗಿದ್ದರೆ ಸಾಧ್ಯವಿರುವಾಗಲೆಲ್ಲ ಪರಮಪ್ರಸಾದ ಕೊಡಬೇಕು, ಅವರು ಅದನ್ನು ಜೊತೆಗಿರುವ ಕುಟುಂಬದ, ಸಮುದಾಯದ ವಿಶ್ವಾಸದಲ್ಲೂ ಸ್ವೀಕರಿಸುತ್ತಾರೆ.

ನಿಮ್ಮ ವಿಶ್ವಾಸ ಸಾಲದು ಎಂದವರಿಗೂ ಇದರಲ್ಲೇ ಉತ್ತರವಿದೆ. ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜಾಗವಿಲ್ಲದೆ ಮಾಡು ಬಿಚ್ಚಿ ಇಳಿಸಿದರು. ಯೇಸು 'ಅವರ' ವಿಶ್ವಾಸವನ್ನು ಕಂಡರು ಎಂದು ಮಾರ್ಕನು ಬರೆಯುತ್ತಾನೆ. ಹೊತ್ತವರ ವಿಶ್ವಾಸ. 29 ವರ್ಷ ನೀವು ಹೊತ್ತಿದ್ದೀರಿ. ಇದಕ್ಕಿಂತ ದೊಡ್ಡ ವಿಶ್ವಾಸ ಹೇಗಿರುತ್ತದೆಂದು ನನಗೆ ತೋರಿಸಲಿ.

ಆದ್ದರಿಂದ ಮತ್ತೊಮ್ಮೆ ಕೇಳಿ. ಈಗಿನ ವಿಗಾರರ, ಅಂದರೆ ಇಗರ್ಜಿಯ ಮುಖ್ಯ ಗುರುಗಳ ಬಳಿಗೆ ಒಬ್ಬರೇ ಹೋಗಬೇಡಿ, ನಿಮ್ಮ ವಾಳೆಯ (ಅಕ್ಕಪಕ್ಕದ ಕ್ರೈಸ್ತ ಮನೆಗಳ ಗುಂಪಿನ) ಮುಖಂಡರಾದ ಗುರ್ಕಾರರನ್ನು ಜೊತೆಗೆ ಕರೆದುಕೊಂಡು ಹೋಗಿ. ದೃಢೀಕರಣ ಆಗಿಲ್ಲದಿದ್ದರೆ ಅದನ್ನೂ ಒಟ್ಟಿಗೆ ಕೇಳಿ. ನುಂಗುವುದು ಕಷ್ಟವಾದರೆ ಅಪ್ಪದ ಸಣ್ಣ ಚೂರು ಸಾಕು, ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಅವಕಾಶವಿದೆ. ಪೂಜೆಯಲ್ಲಿ ಇನ್ನೂ ಅರ್ಪಿಸದ ಒಸ್ತಿಯ (ಅಪ್ಪದ) ಚೂರನ್ನು ಮನೆಯಲ್ಲಿ ಕೆಲವು ದಿನ ಕೊಟ್ಟು ನೋಡಿ, ಉಸಿರಿಗೆ ಸಿಕ್ಕುವುದಿಲ್ಲವಷ್ಟೇ ಎಂದು ನರ್ಸ್ ಹತ್ತಿರವೂ ಕೇಳಿಕೊಳ್ಳಿ. ಇಲ್ಲಿ ಇರುವ ಅಪಾಯ ಇನ್ನೊಮ್ಮೆ ಇಲ್ಲ ಎನ್ನಿಸಿಕೊಳ್ಳುವ ನೋವು. ಅದು ಸಣ್ಣದಲ್ಲ. ಹಾಗಾದರೆ ಅಲ್ಲಿಗೇ ಬಿಡಬೇಡಿ, ನಮ್ಮ ಭಾಗ ಸೇರಿರುವುದು ಮಂಗಳೂರು ಧರ್ಮಪ್ರಾಂತ್ಯಕ್ಕೆ, ಬಿಷಪರಿಗೆ ಬರೆಯಬಹುದು. ಕಾಗದ ಬರೆಯಲು ನಾನು ನೆರವಾಗುತ್ತೇನೆ.

ಧ್ಯಾನಕೂಟಗಳಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಹಾಡು, ಜನ, ನಾಲ್ಕು ದಿನ ಬೇರೆಯವರು ಬೇಯಿಸಿದ ಊಟ, ಇವು ದಣಿದವರಿಗೆ ಬೇಕು. ಆದರೆ 'ಗುಣವಾಗಿದೆ, ಮಾತ್ರೆ ನಿಲ್ಲಿಸಿ' ಎಂದು ಯಾರೇ ಹೇಳಿದರೂ ಕೇಳಬೇಡಿ. ಅಪಸ್ಮಾರದ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ನಿಲ್ಲದ ಸೆಳೆತ ಬಂದು ಜೀವಕ್ಕೇ ಅಪಾಯವಾಗಬಹುದು.

ಇನ್ನು 'ಒಂದು ದಿನ ಮೊದಲು' ಎಂಬುದರ ಹಿಂದಿನ ನಿಜವಾದ ಪ್ರಶ್ನೆ. ನಾನು ಹೋದಮೇಲೆ ಯಾರು? ಇದಕ್ಕೆ ಪ್ರಾರ್ಥನೆಯ ಜೊತೆಗೆ ಕಾಗದಪತ್ರವೂ ಬೇಕು. ಮಗಳಿಗೆ 18 ದಾಟಿದಮೇಲೆ ಕಾನೂನಿನ ಕಣ್ಣಲ್ಲಿ ನೀವು ತಾನಾಗಿ ಅವಳ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ, ಪೋಷಕತ್ವದ ಅರ್ಜಿ ಅಲ್ಲಿ ಹಾಕಬೇಕು. ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ದವರಿಗೆ ಇದು ಅನ್ವಯಿಸುತ್ತದೆ. ನೀವು ಪೋಷಕರಾದಮೇಲೆ ನಿಮ್ಮ ನಂತರ ಯಾರು ಎಂಬುದನ್ನು ಈಗಲೇ ಯೋಚಿಸಿ ಮಾತಾಡಿಡಿ. ನೆಂಟರನ್ನು ಆರಿಸುವುದಾದರೆ ಆ ಐದು ಲಕ್ಷದ ಮೇಲೆ ಕಣ್ಣಿಟ್ಟವರು ಬೇಡ, ಅವಳಿಗೆ ಒಮ್ಮೆಯಾದರೂ ಗಂಜಿ ಕುಡಿಸಿದವರು ಇರಲಿ. ಆಶ್ರಮಗಳಲ್ಲಿ ಬಿಡುವುದೂ ಒಂದು ದಾರಿಯೇ. ಕೆಲವು ನಿಜಕ್ಕೂ ಒಳ್ಳೆಯವು, ಕೆಲವನ್ನು ನೋಡಿ ನಾನು ರಾತ್ರಿ ನಿದ್ದೆ ಮಾಡಿಲ್ಲ. ಮೊದಲೇ ತಿಳಿಸದೆ ಊಟದ ಹೊತ್ತಿಗೆ ಹೋಗಿ ನೋಡಿ, ಮಲಗಿದವರ ಬೆನ್ನಿನಲ್ಲಿ ಹುಣ್ಣು ಇದೆಯೇ ಎಂದು ಕೇಳಿ. ಒಳಗೆ ಬಿಡದಿದ್ದರೆ ಅದೇ ಉತ್ತರ. ಎಂಡೋಸಲ್ಫಾನ್ ಬಾಧಿತರಿಗೆ ಸ್ನೇಹ ಸಾಂತ್ವನಂ ಮಾಸಾಶನ, ಆರೈಕೆ ಮಾಡುವವರಿಗೆ ಆಶ್ವಾಸಕಿರಣಂ ಇವೆ, ಎರಡೂ ಬರುತ್ತಿವೆಯೇ ಎಂದು ಅಂಗನವಾಡಿಯಲ್ಲಿ ವಿಚಾರಿಸಿ. ಅರ್ಜಿ ಮಲಯಾಳದಲ್ಲಿದ್ದರೆ ತುಂಬಿಸಿಕೊಡಲು ನಮ್ಮ ಯುವಜನರಿಗೆ ಹೇಳುತ್ತೇನೆ. ಬುದ್ಧಿಮಾಂದ್ಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಬಡ್ಸ್ ಕೇಂದ್ರಕ್ಕೆ ವಾರಕ್ಕೆ ಎರಡು ದಿನವಾದರೂ ಅವಳನ್ನು ಕಳಿಸಲು ಆಗುತ್ತದೆಯೇ ಎಂದೂ ನೋಡಿ. ಆ ಹೊತ್ತಿನಲ್ಲಿ ಬೀಡಿ ಕಟ್ಟಬೇಡಿ, ಮಲಗಿ.

ಕೊನೆಗೆ ಒಂದೇ ಪದದಲ್ಲಿ ಕೇಳಿದಿರಿ, 'ನನ್ನದಕ್ಕೆ?' ನೀವು ಅವಳನ್ನು ನೋಡಿಕೊಳ್ಳುವುದರಿಂದ ನಿಮಗೆ ಬೆಲೆ ಎಂದು ಎಲ್ಲರೂ ಹೇಳಿರುತ್ತಾರೆ, ನಿಮ್ಮನ್ನು ತ್ಯಾಗಮಯಿ ಎಂದು ಹೊಗಳಿರುತ್ತಾರೆ. ನಾನು ಹಾಗೆ ಹೇಳಲಾರೆ. ಹಾಗೆಂದರೆ ನಾಳೆ ನಿಮಗೆ ಕೈಲಾಗದಾದಾಗ ನಿಮ್ಮ ಬೆಲೆಯೂ ಹೋಗಬೇಕಾಗುತ್ತದೆ. ಅವಳಿಗೆ ಅನ್ವಯಿಸಿದ ಲೆಕ್ಕವೇ ನಿಮಗೂ: ನೀವು ಮಾಡುವುದರಿಂದಲ್ಲ, ನೀವು ಇರುವುದರಿಂದ. ಬೇಳದ ಶೋಕಮಾತೆಯ ಇಗರ್ಜಿಗೆ ನೀವು ಹೋಗಿರುತ್ತೀರಿ. ಶಿಲುಬೆಯ ಬುಡದಲ್ಲಿ ಯೇಸುವಿನ ಆ ತಾಯಿ ಮಾಡಲು ಸಾಧ್ಯವಿದ್ದದ್ದು ಏನೂ ಇರಲಿಲ್ಲ. ಸುವಾರ್ತೆಯಲ್ಲಿ ಅವಳು ನಿಂತಿದ್ದಳು ಎಂದಷ್ಟೇ ಇದೆ. ಆ ಹೊತ್ತಿನಲ್ಲೂ ಮಗ ಅವಳನ್ನು ಒಬ್ಬಳೇ ಬಿಡಲಿಲ್ಲ, ಇಗೋ ನಿನ್ನ ತಾಯಿ ಎಂದು ಶಿಷ್ಯನಿಗೆ ಒಪ್ಪಿಸಿದ. ನಿಮ್ಮನ್ನು ನೋಡಿಕೊಳ್ಳುವುದು ಧರ್ಮಕೇಂದ್ರದ ಕೆಲಸ, ಅದನ್ನು ಕೇಳಿ ಪಡೆಯಲು ನಾಚಬೇಡಿ. ನಾವು ಇಷ್ಟು ವರ್ಷ ಮಾಡದಿದ್ದದ್ದು ನಮ್ಮ ತಪ್ಪು.

ಇನ್ನೊಂದು ಮಾತು. ಐದು ಪುಟದಲ್ಲಿ ಮಗಳು, ಅವಳು, ಕೂಸು ಎಂದೇ ಬರೆದಿದ್ದೀರಿ. ಪಟ್ಟಿಯಲ್ಲಿ ಅವಳ ಹೆಸರಿದೆ ಎಂದಿದ್ದೀರಿ, ಆ ಹೆಸರೇನು ಎಂದು ಬರೆದಿಲ್ಲ. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಇರಬೇಕಲ್ಲ. ಮುಂದಿನ ಕಾಗದದಲ್ಲಿ ಅದನ್ನೂ ನಿಮ್ಮ ಹೆಸರನ್ನೂ ಬರೆಯಿರಿ. ಇಲ್ಲಿ ಅಚ್ಚು ಹಾಕಲು ಅಲ್ಲ, ಆದಿತ್ಯವಾರದ ಬಲಿಪೂಜೆಯಲ್ಲಿ ನಾನು ಹೇಳಲಿಕ್ಕೆ.